ಕೈ ಕಟ್ಟು, ಬಾಯಿ ಮುಚ್ಚು, ಫೀ ಕಟ್ಟು

ರಾತ್ರಿ 10 ಗಂಟೆಗೆ ಶಾಲೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಸಂದೇಶ ಬಂತು. 'ನಾಳೆ ಮೈಂಡ್‌ಫುಲ್‌ನೆಸ್ ಪಿರಿಯಡ್. ಪ್ರತಿ ಮಗು ಒಂದು ಒಣದ್ರಾಕ್ಷಿ ತರಬೇಕು.'

ಮೈಂಡ್‌ಫುಲ್‌ನೆಸ್ ಅಂದರೆ ಮಾಡುವ ಕೆಲಸದಲ್ಲೇ ಪೂರ್ತಿ ಮನಸ್ಸಿಡುವ ಅಭ್ಯಾಸವಂತೆ. ನನ್ನ ಮಗಳು ಯುಕೆಜಿ. ಹುಬ್ಬಳ್ಳಿಯ ಕಿರಾಣಿ ಅಂಗಡಿಗಳು ಬಾಗಿಲು ಹಾಕುವ ಹೊತ್ತು. ಗ್ರೂಪಿನಲ್ಲಿ ಆಗ ಸಂತೆ ಕೂಡಿತು. ಕರಿದೋ, ಹಳದಿಯೋ? ಬೀಜ ಇದ್ದರೆ ನಡೆಯುತ್ತಾ? ಇದಕ್ಕೆ ಮಾರ್ಕ್ಸ್ ಇದೆಯಾ? ನನ್ನ ಮಗ ದ್ರಾಕ್ಷಿ ಮುಟ್ಟಲ್ಲ, ಗೋಡಂಬಿಯಿಂದ ಶಾಂತಿ ಸಿಗಲ್ವಾ ಎಂದು ಒಬ್ಬರು ಕೇಳಿದರು. ಹನ್ನೊಂದೂವರೆಯವರೆಗೆ ಯಾರಿಗೂ ನಿದ್ದೆ ಇಲ್ಲ.

"ಒಂದ ದ್ರಾಕ್ಷಿ ಕೂಸಿನ ಹಲ್ಲಿಗೂ ಹತ್ತಂಗಿಲ್ಲ. ಒಂದ್ ಹಿಡಿ ಕಟ್ಟು" ಎಂದಳು ಅವ್ವ.

ಅವ್ವನಿಗೆ ಈ ದ್ರಾಕ್ಷಿಯ ಚರಿತ್ರೆ ಗೊತ್ತಿಲ್ಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಝಿನ್ ಎಂಬವರು, ಹಳೇ ನೋವಿನಿಂದ ನರಳುವ ದೊಡ್ಡವರಿಗಾಗಿ 8 ವಾರದ ಮೈಂಡ್‌ಫುಲ್‌ನೆಸ್ ತರಬೇತಿ ಶುರು ಮಾಡಿದರು. ಮೂಲ ಬೌದ್ಧರ ಧ್ಯಾನವೇ. ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ಅಗಿಯುವುದು ಅದರ ಒಂದು ಪಾಠ. ನಮ್ಮ ಕಡೆಯಿಂದ ಹೋದ ಧ್ಯಾನ ಅಮೆರಿಕ ಸುತ್ತಿ ಹುಬ್ಬಳ್ಳಿಗೆ ಬರುವಷ್ಟರಲ್ಲಿ ಅದಕ್ಕೆ ಟರ್ಮ್ ಫೀ ಹತ್ತಿತ್ತು.

ಕ್ಲಾಸಿನ ವರದಿ ಮಗಳದ್ದು. ಒಂದು ಕೋಣೆ, 45 ಮಕ್ಕಳು. "ಎಲ್ಲಾರೂ ಕಣ್ಣ್ ಮುಚ್ರಿ. ಯಾರ್ ಕಣ್ಣ್ ತಗೀತಾರ ಅವರನ್ನ ಹೊರಗ ನಿಲ್ಲಸ್ತೀನಿ!" ಎಂದು ಟೀಚರ್ ಶಾಂತಿಯನ್ನು ಆರಂಭಿಸಿದರು. ಇವಳು ಕಣ್ಣು ಮುಚ್ಚಿದ್ದೇ ತಡ, ಪಕ್ಕದ ಹುಡುಗ ಇವಳ ದ್ರಾಕ್ಷಿ ತಿಂದುಬಿಟ್ಟ. ಇಡೀ ಕ್ಲಾಸಿನಲ್ಲಿ ಮನಸ್ಸಿಟ್ಟು ತಿಂದವನು ಬಹುಶಃ ಅವನೊಬ್ಬನೇ. ಇವಳು ಅತ್ತಳು. ಶಾಂತಿ ಪಿರಿಯಡ್‌ನಲ್ಲಿ ಅತ್ತದ್ದಕ್ಕೆ 'ಕಾಮ್ ಕಾರ್ನರ್'ಗೆ, ಅಂದರೆ ಶಾಂತಿಯ ಮೂಲೆಗೆ, ಕಳಿಸಿದರು. ಹೋದ ವರ್ಷ ಅದು ತಪ್ಪು ಮಾಡಿದವರು ನಿಲ್ಲುವ ಮೂಲೆಯಾಗಿತ್ತು. ಈಗ ಬುದ್ಧನ ಸ್ಟಿಕ್ಕರ್ ಅಂಟಿಸಿದ್ದಾರೆ. ನಿಲ್ಲುವುದು ಮಾತ್ರ ಗೋಡೆಗೆ ಮುಖ ಮಾಡಿಯೇ.

ನಮ್ಮ ಕಾಲದಲ್ಲಿ ಇದಕ್ಕೆ 'ಕೈ ಕಟ್ಟು, ಬಾಯಿ ಮುಚ್ಚು' ಅನ್ನುತ್ತಿದ್ದರು. ಪುಕ್ಕಟೆ ಇತ್ತು.

2022ರ ನವೆಂಬರ್‌ನಲ್ಲಿ ನಮ್ಮ ರಾಜ್ಯದ ಆಗಿನ ಶಿಕ್ಷಣ ಸಚಿವರು ಶಾಲೆಗಳಲ್ಲಿ ದಿನಕ್ಕೆ 10 ನಿಮಿಷ ಧ್ಯಾನ ಮಾಡಿಸುವ ಮಾತಾಡಿದ್ದರು. ಅದೇ ವರ್ಷ ಬ್ರಿಟನ್‌ನಿಂದ ಒಂದು ಸುದ್ದಿ ಬಂದಿತ್ತು. ಅಲ್ಲಿ 80ಕ್ಕೂ ಹೆಚ್ಚು ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿ ನೋಡಿದರೆ, ಮೈಂಡ್‌ಫುಲ್‌ನೆಸ್ ಪಾಠದಿಂದ ಮಾಮೂಲಿ ಪಾಠಕ್ಕಿಂತ ಜಾಸ್ತಿ ಲಾಭ ಕಾಣಲಿಲ್ಲವಂತೆ. ಅವರು 11ರಿಂದ 14 ವರ್ಷದವರು. ನಮ್ಮಲ್ಲಿ ಇನ್ನೂ ಶೂ ಲೇಸ್ ಕಟ್ಟಲು ಬಾರದವರು.

ಹಾಗಂತ ಉಸಿರಾಟ ಸುಳ್ಳಲ್ಲ. ಮಗುವಿನ ಹೊಟ್ಟೆ ಮೇಲೆ ಗೊಂಬೆ ಇಟ್ಟು, ಅದು ಏರಿಳಿಯುವುದನ್ನು ನೋಡುತ್ತಾ ಪಕ್ಕದಲ್ಲಿ ಮಲಗಿ. ಸಿಟ್ಟು ಇಳಿಯುತ್ತದೆ, ನಾನೇ ನೋಡಿದ್ದೇನೆ. ಸಿಟ್ಟನ್ನು ಹಿಡಿದಿಡುವ ಮಿದುಳಿನ ಭಾಗ ಬೆಳೆದು ಮುಗಿಯಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ಅಲ್ಲಿಯವರೆಗೆ ಹತ್ತಿರದ ದೊಡ್ಡವರು ತಣ್ಣಗಿರಬೇಕು. ಆ ದೊಡ್ಡವರನ್ನು ಎಲ್ಲಿಂದ ತರುವುದು? ಚೆನ್ನಮ್ಮ ಸರ್ಕಲ್ ದಾಟಿ, ಧೂಳು ಕುಡಿದು ಶಾಲೆಯ ಗೇಟಿಗೆ ಬಂದ ನಾವೆಲ್ಲ ಹಾರ್ನ್ ಮೇಲಿಟ್ಟ ಬೆರಳು ತೆಗೆಯುವುದಿಲ್ಲ. ಓಡಾಡಿ ಸುಸ್ತಾಗೋಣ ಅಂದರೆ ಮಕ್ಕಳಿಗೆ ಮೈದಾನವಿಲ್ಲ. ಅಲ್ಲಿ ಶಾಲೆಯ ವ್ಯಾನುಗಳು ಶಾಂತವಾಗಿ ನಿಂತಿರುತ್ತವೆ.

ವರ್ಷದ ಕೊನೆಗೆ ಸ್ಪರ್ಧೆಯನ್ನೂ ಇಟ್ಟರು. ಅಲುಗಾಡದೆ ಕೂರುವ ಮಗುವಿಗೆ ಕಪ್. ಮೊದಲ ಬಹುಮಾನ ಬಂದದ್ದು ಬೆಳಿಗ್ಗೆ ಜ್ವರದ ಸಿರಪ್ ಕುಡಿದು ಬಂದಿದ್ದ ಹುಡುಗನಿಗೆ. ಎರಡನೇ ಬಹುಮಾನದ ತಾಯಿ ಎದ್ದು ನಿಂತರು.

"ಅಂವ ಮಲಗ್ಯಾನ್ರೀ ಮೇಡಂ! ನಮ್ಮ ಹುಡುಗ ಎಚ್ಚರಿದ್ದು ಸುಮ್ಮನ ಕುಂತಾನ!"

ಗೆದ್ದ ಹುಡುಗನ ತಂದೆ ತೋಳು ಮಡಚಿದರು. ಮೈಕ್ ಕಸಿದಾಡಿದರು. ಹೆಡ್ ಮೇಡಂ "ಶಾಂತಿ! ಶಾಂತಿ!" ಎಂದು ಕಿರುಚಿ ಟೇಬಲ್ ಗುದ್ದಿದರು. ಮಕ್ಕಳೆಲ್ಲ ಯಾರೂ ಹೇಳದೆಯೇ ಕೈ ಕಟ್ಟಿ, ಬಾಯಿ ಮೇಲೆ ಬೆರಳಿಟ್ಟು ನಮ್ಮನ್ನೇ ನೋಡುತ್ತಿದ್ದವು. ಕಪ್ ಗೆದ್ದವನು ಇನ್ನೂ ಎದ್ದಿರಲಿಲ್ಲ.