ತಪ್ಪು ತೋರಿಸಲು ಸಾವಿರ ರೂಪಾಯಿ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ ಓದಬೇಕು ಅಂದರೆ ಮೊದಲು ಏನು ಬರಬೇಕು? ಸೊನ್ನೆ ತುಂಬಲು ಬರಬೇಕು. ಒಎಂಆರ್, ಅಂದರೆ ಯಂತ್ರ ಓದುವ ಉತ್ತರ ಹಾಳೆಯ ಸೊನ್ನೆ. ಎರಡು ಗಂಟೆಯಲ್ಲಿ 120 ಪ್ರಶ್ನೆ. ಗೆರೆ ದಾಟದಂತೆ, ಕಾಗದ ಹರಿಯದಂತೆ ಕಪ್ಪು ಮಾಡಬೇಕು. ತಪ್ಪಾದರೆ ಕಾಲು ಅಂಕ ಖೋತಾ. ವಾದ ಮಾಡಲು ಬರುತ್ತಾ, ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುತ್ತಾ ಅಂತ ಯಾರೂ ಕೇಳುವುದಿಲ್ಲ. ಹಿಂದೆ ಪ್ರಬಂಧ ಬರೆಸಿದ್ದೂ ಉಂಟು. ತಿದ್ದುವ ತಲೆನೋವು ಯಾರಿಗೆ ಬೇಕು ಅಂತಲೋ ಏನೋ, ಅದನ್ನೂ ಬಿಟ್ಟರು. ಸೀಟು ಸಿಕ್ಕ ಮೇಲೆ ಮಾತ್ರ ದಪ್ಪ ಪ್ರಬಂಧ ಬರೆದು ಕೊಡಬೇಕು. ಅಷ್ಟರಲ್ಲಿ ಪದವೀಧರರ ಕೈ ಬರಹ ಮರೆತಿರುತ್ತದೆ.

ಈ ಪರೀಕ್ಷೆಯ ಹೆಸರು ಕ್ಲಾಟ್ ಪಿಜಿ. ನಡೆಸುವುದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ. ಇತ್ತೀಚೆಗೆ ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆಯುತ್ತಿದೆ. ಕೊಡಗಿನ ಕ್ಯಾಲೆಂಡರ್ ನೋಡಿದವರು ಯಾರೂ ಆ ದಿನ ಇಡುತ್ತಿರಲಿಲ್ಲ. ಅರೇಬಿಕಾ ಕೊಯ್ಲು ಆಗಷ್ಟೇ ಬಿರುಸಾಗಿರುತ್ತದೆ. ಪುತ್ತರಿ ಹಬ್ಬ ಆಸುಪಾಸಿನಲ್ಲೇ ಇರುತ್ತದೆ. ಆಳು ಸಿಗುವುದಿಲ್ಲ. ಸಿಕ್ಕ ದಿನ ಮೋಡ ಕವಿಯುತ್ತದೆ.

ನಮ್ಮ ಪಕ್ಕದ ತೋಟದ ಹುಡುಗಿ ಹೀಗೇ ತಯಾರಿ ನಡೆಸುತ್ತಿದ್ದಾಳೆ. ಕಣದಲ್ಲಿ ಕಾಫಿ ಹರಡಿರುತ್ತದೆ. ಅವಳ ಕೈಯಲ್ಲಿ ಕಾಫಿ ಎಳೆಯುವ ಹಲಗೆ, ಕಿವಿಯಲ್ಲಿ ಇಯರ್‌ಫೋನ್. ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಒಂದು ತೀರ್ಪು ಮುಗಿಯುತ್ತದೆ. "ಕೇಶವಾನಂದ ಭಾರತಿ, 1973, 13 ನ್ಯಾಯಮೂರ್ತಿಗಳು, ಏಳು ಆ ಕಡೆ, ಆರು ಈ ಕಡೆ" ಅಂತ ಗೊಣಗುತ್ತಾ ಹಲಗೆ ತಿರುಗಿಸುತ್ತಾಳೆ. ಜಗಲಿಯಲ್ಲಿ ಕೂತ ಅಜ್ಜಿಗೆ ಸ್ವಾಮಿಗಳ ಹೆಸರು ಕೇಳಿ ಕುತೂಹಲ.

"ಯಾವ ಮಠದವರು ಮಗಾ?"

"ಎಡನೀರು, ಅಜ್ಜಿ. ಕಾಸರಗೋಡು."

"ಓ, ಯಕ್ಷಗಾನದ ಸ್ವಾಮಿಗಳು! ಅವರಿಗೇನು ಕೇಸು?"

"ಮಠದ ಭೂಮಿದು."

"ಭೂಮಿ ಸಿಕ್ಕಿತಾ?"

ಹುಡುಗಿ ಹಲಗೆ ನಿಲ್ಲಿಸಿದಳು. ಆ ಪ್ರಶ್ನೆ ಯಾವ ಮಾಕ್ ಟೆಸ್ಟಿನಲ್ಲೂ ಬಂದಿರಲಿಲ್ಲ. ಆ ತೀರ್ಪಿನಿಂದ ಸಂವಿಧಾನದ ಮೂಲ ಸ್ವರೂಪ ಉಳಿಯಿತು ಅಂತ ಅವಳಿಗೆ ಗೊತ್ತು. ಯಾವ ನ್ಯಾಯಮೂರ್ತಿ ಯಾವ ಕಡೆ ಇದ್ದರು ಅಂತಲೂ ಗೊತ್ತು. ಕೋರ್ಟಿಗೆ ಹೋದ ಮನುಷ್ಯನಿಗೆ ಏನು ಸಿಕ್ಕಿತು ಅನ್ನುವುದು ಎ, ಬಿ, ಸಿ, ಡಿಯಲ್ಲಿ ಎಲ್ಲೂ ಇರಲಿಲ್ಲ. ಅಜ್ಜಿಯೇ "ಸಿಕ್ಕಿರಲಿಕ್ಕಿಲ್ಲ ಬಿಡು" ಅಂದರು. ಸರಿಯಾದ ಉತ್ತರವೇ. ಆದರೆ ಅಜ್ಜಿಗೆ ರ‍್ಯಾಂಕ್ ಇಲ್ಲ.

ಊರಿನವರಿಗೂ ಇವಳ ಮೇಲೆ ಬೇಸರ. ಲಾ ಓದಿದ ಹುಡುಗಿ ಅಂತ ಒಬ್ಬರು ಜಮ್ಮಾ ಬಾಣೆಯ, ಅಂದರೆ ತಲೆತಲಾಂತರದಿಂದ ಬಂದ ಕುಟುಂಬದ ಜಮೀನಿನ, ಪಹಣಿ ಹಿಡಿದು ಬರುತ್ತಾರೆ. ಅದರಲ್ಲಿ ತೀರಿಹೋದ ಮುತ್ತಜ್ಜಂದಿರ ಹೆಸರೆಲ್ಲಾ ಇರುತ್ತದೆ, ಬದುಕಿರುವವರದ್ದು ಮಾತ್ರ ಇರುವುದಿಲ್ಲ. ಇನ್ನೊಬ್ಬರು ಆನೆ ತುಳಿದ ಗದ್ದೆಗೆ ಪರಿಹಾರದ ಅರ್ಜಿ ಬರೆದುಕೊಡು ಅನ್ನುತ್ತಾರೆ. "ಅದು ಸಿಲಬಸ್‌ನಲ್ಲಿ ಇಲ್ಲ ಮಾವ" ಅನ್ನುತ್ತಾಳೆ ಪಾಪ. ಅವಳು ಹೇಳುವುದು ನಿಜ.

ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ನಮ್ಮ ರಾಜ್ಯದಲ್ಲಿ ಎಲ್‌ಎಲ್‌ಬಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಮಡಿಕೇರಿ ಕೋರ್ಟಿನಲ್ಲಿ ಕನ್ನಡದಲ್ಲೇ ವಾದ ಮಾಡಬಹುದು, ತೀರ್ಪನ್ನೂ ಕನ್ನಡದಲ್ಲಿ ಕೊಡಬಹುದು. ಎಲ್‌ಎಲ್‌ಎಂ ಬಾಗಿಲಿಗೆ ಹೋಗಿ ಸೊನ್ನೆ ತುಂಬಲು ಮಾತ್ರ ಕನ್ನಡ ಸಾಲದು.

ಹೋಗಲಿ, ಎಲ್‌ಎಲ್‌ಎಂ ಬೇಡ ಅಂದವರಾದರೂ ಪಾರಾಗುತ್ತಾರಾ? ಇಲ್ಲ. ಕೊಡಗು ಅಂದರೆ ಸೇನೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನೆಲ. ಇಲ್ಲಿ ಲಾ ಓದಿದ ಮಕ್ಕಳಿಗೆ ಸೇನೆಯ ಕಾನೂನು ವಿಭಾಗ, ಅಂದರೆ ಜಾಗ್ ಸೇರುವ ಆಸೆ ಇರುವುದು ಸಹಜ. ಅದಕ್ಕೂ ಈಗ ಕ್ಲಾಟ್ ಪಿಜಿ ಅಂಕ ಕಡ್ಡಾಯ. ಅಧಿಸೂಚನೆಯಲ್ಲಿ ಬ್ರಾಕೆಟ್ ಹಾಕಿ ಇನ್ನೂ ಒಂದು ಮಾತು ಸೇರಿಸಿದ್ದಾರೆ: ಎಲ್‌ಎಲ್‌ಎಂ ಮುಗಿಸಿದವರೂ ಈ ಅಂಕ ತರಬೇಕು. ಅಂದರೆ ಎಲ್‌ಎಲ್‌ಎಂ ಮುಗಿಸಿ ಬಂದವನು ಎಲ್‌ಎಲ್‌ಎಂ ಸೇರಲು ಯೋಗ್ಯ ಅಂತ ಸಾಬೀತು ಮಾಡಬೇಕು. ಮದುವೆಯಾಗಿ ಮಕ್ಕಳಾದ ಮೇಲೆ ಹೆಣ್ಣು ನೋಡಲು ಕರೆದ ಹಾಗಾಯಿತು.

ಹೆದ್ದಾರಿ ಪ್ರಾಧಿಕಾರಕ್ಕೂ ಇದೇ ಅಂಕ ಬೇಕೆನಿಸಿತು. 2025ರಲ್ಲಿ ವಕೀಲರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಕ್ಲಾಟ್ ಪಿಜಿ ಅಂಕವನ್ನೇ ಅಳತೆಗೋಲು ಮಾಡಿಕೊಂಡಿತು. ದೆಹಲಿ ಹೈಕೋರ್ಟ್ ಸೆಪ್ಟೆಂಬರಿನಲ್ಲಿ ಅದನ್ನು ರದ್ದು ಮಾಡಿತು. ನಮ್ಮ ಸಂಪಾಜೆ ಘಾಟಿಯಲ್ಲಿ ಮಳೆಗಾಲದಲ್ಲಿ ಓಡಾಡಿದವರಿಗೆ ಹೆದ್ದಾರಿಯವರ ಅಳತೆಗೋಲಿನ ಬಗ್ಗೆ ಮೊದಲೇ ಅನುಮಾನವಿತ್ತು. ಅದು ಬೇರೆ ವಿಷಯ.

ಇನ್ನು ನಿಜವಾದ ತಮಾಷೆಗೆ ಬರೋಣ. ಕಾನೂನು ಕಾಲೇಜಿಗೆ ಕಾಲಿಟ್ಟ ಮಕ್ಕಳಿಗೆ ಮೊದಲು ಕಲಿಸುವ ಪಾಠಗಳಲ್ಲಿ ಸಹಜ ನ್ಯಾಯ ಒಂದು. ಯಾರೂ ತಮ್ಮ ಕೇಸಿಗೆ ತಾವೇ ಜಡ್ಜ್ ಆಗಬಾರದು. ಎದುರಿನವರ ಮಾತು ಕೇಳದೆ ತೀರ್ಮಾನ ಕೊಡಬಾರದು. ಇದನ್ನು ಕಲಿಸುವ ಘನ ವಿಶ್ವವಿದ್ಯಾಲಯಗಳೆಲ್ಲ ಸೇರಿ ಕಟ್ಟಿದ ಒಕ್ಕೂಟ, 2024ರ ಡಿಸೆಂಬರ್ 1ರಂದು ಪರೀಕ್ಷೆ ನಡೆಸಿ ಉತ್ತರ ಪ್ರಕಟಿಸಿತು. ನಿಮ್ಮ ಉತ್ತರ ತಪ್ಪು ಅನ್ನಬೇಕಾದರೆ ಒಂದು ಪ್ರಶ್ನೆಗೆ 1000 ರೂಪಾಯಿ ಕಟ್ಟಿ ಅಂತಲೂ ಹೇಳಿತು. ಅರ್ಜಿಗೆ ಕೊಟ್ಟ 4000 ಬೇರೆ. ಎದುರಿನವರ ಮಾತು ಕೇಳಲೇಬೇಕು, ಸರಿ. ಪುಕ್ಕಟೆ ಕೇಳಬೇಕು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲವಲ್ಲ!

ಕೆಲವು ಅಭ್ಯರ್ಥಿಗಳು ದೆಹಲಿ ಹೈಕೋರ್ಟಿಗೆ ಹೋದರು. 2025ರ ಜೂನ್‌ನಲ್ಲಿ ತೀರ್ಪು ಬಂತು. ಎರಡು ಪ್ರಶ್ನೆಗಳಲ್ಲಿ ಒಕ್ಕೂಟದ ಉತ್ತರವೇ ತಪ್ಪು. ತಕರಾರಿಗೆ ಕಟ್ಟಿಸಿಕೊಂಡ ಶುಲ್ಕವೂ ವಿಪರೀತ ಅಂತ ಕೋರ್ಟ್ ಹೇಳಿತು. ಡಿಸೆಂಬರಿನಲ್ಲಿ ಬರೆದ ಪರೀಕ್ಷೆಗೆ ಸರಿ ಉತ್ತರ ಸಿಗುವಷ್ಟರಲ್ಲಿ ಕಣದ ಕಾಫಿ ಒಣಗಿ, ಮಾರಾಟವಾಗಿ, ಹೂಮಳೆ ಬಿದ್ದು, ಹೊಸ ಕಾಯಿ ಕಚ್ಚಿ, ಮುಂಗಾರು ಬಂದಿತ್ತು. ಅಭ್ಯರ್ಥಿ ತಪ್ಪು ಮಾಡಿದರೆ ಕಾಲು ಅಂಕ ಹೋಗುತ್ತದೆ. ಪ್ರಶ್ನೆ ತೆಗೆದವರು ತಪ್ಪು ಮಾಡಿದರೆ ಅವರ ಸಂಬಳದಲ್ಲಿ ಕಾಲು ಭಾಗ ಹೋಯಿತು ಅಂತ ನಾನಂತೂ ಕೇಳಿಲ್ಲ.

ಈ ಸುದ್ದಿಯನ್ನು ಗೋಣಿಕೊಪ್ಪದ ಹೋಟೆಲಿನಲ್ಲಿ ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಹೇಳಿದೆ. ಅವರು ಎಲ್‌ಎಲ್‌ಬಿ ಮಾಡಿ, ಕೋಟು ಬೀರುವಿನಲ್ಲಿಟ್ಟು, ಜೀವನವಿಡೀ ತೋಟ ನೋಡಿಕೊಂಡವರು. ಅಣ್ಣತಮ್ಮಂದಿರ ಮೇಲೆ ಪಾಲಿನ ಕೇಸ್ ಹಾಕಿ ತಲೆಮಾರು ಕಳೆಯಿತು. ನಾನು ಮಾತು ಮುಗಿಸುವ ಮೊದಲೇ ಕಾಫಿ ಲೋಟ ಕೆಳಗಿಟ್ಟರು.

"ಪರೀಕ್ಷೆಗೆ ವಯಸ್ಸಿನ ಮಿತಿ ಉಂಟಾ?"

"ಇಲ್ಲ."

"ತಕರಾರು ಸರಿ ಅಂತಾದರೆ ಸಾವಿರ ವಾಪಸ್ಸಾ?"

"ಕೊಡ್ತಾರಂತೆ."

"ಆರು ತಿಂಗಳಲ್ಲಿ ತೀರ್ಪು ಬಂತು ಅಂದೆಯಲ್ಲ, ಖಂಡಿತಾನಾ?"

"ಹೌದು."

"ಹಾಗಾದರೆ ನನಗೂ ಒಂದು ಅರ್ಜಿ ತುಂಬಿಸು ಮಾರಾಯ. ಸೀಟು ಗೀಟು ಬೇಡ. ಸಾಯುವ ಮೊದಲು ಒಂದಾದರೂ ಕೇಸು ಮುಗಿಯೋದನ್ನು ನೋಡಬೇಕು."