ಮನೆಯಲ್ಲಿ ಮಾಡಿದ ಬಿಯರ್ ಕುಡಿದರೆ ಕಣ್ಣು ಹೋಗುತ್ತಾ?

"ಮನೆಯಲ್ಲಿ ಧಾನ್ಯದಿಂದ ಬಿಯರ್ ಮಾಡಿದರೆ ಮೆಥನಾಲ್ ಹುಟ್ಟುತ್ತದೆ, ಕುಡಿದವರ ಕಣ್ಣು ಹೋಗುತ್ತದೆ" ಅನ್ನೋ ಮೆಸೇಜ್ ಆಗಾಗ ಬರುತ್ತಿರುತ್ತದೆ. ಇದು ನಿಜವಲ್ಲ. ಮೆಥನಾಲ್ ವಿಷವೇ, ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ಬಿಯರ್ ಆಗುವ ರೀತಿಯೇ ಬೇರೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿಯಾಗಿ ಒಡೆದು, 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ನೆನೆಸಬೇಕು. ಕಾಳಿನಲ್ಲೇ ಇರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಗಂಜಿಯಂತೆ ಮಂದವಾಗಿದ್ದ ನೀರು ಮೆಲ್ಲಗೆ ತಿಳಿಯಾಗುತ್ತದೆ. ಒಂದು ಹನಿ ನಾಲಿಗೆಗೆ ಇಟ್ಟರೆ ಎಷ್ಟು ಸಿಹಿ! ಸೋಸಿ, ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಹಾಕಿ ಕುದಿಸಿ, ಆರಿಸಿ ಯೀಸ್ಟ್ ಬೆರೆಸಿದರೆ, ಅದು ಆ ಸಕ್ಕರೆ ತಿಂದು ಎಥನಾಲ್ (ಮದ್ಯದಲ್ಲಿರುವ ಮಾಮೂಲಿ ಆಲ್ಕೋಹಾಲ್) ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ.

ಮೆಥನಾಲ್ ಬರುವುದು ಮುಖ್ಯವಾಗಿ ಹಣ್ಣಿನಲ್ಲಿರುವ, ಜಾಮನ್ನು ಗಟ್ಟಿಯಾಗಿಸುವ ಅಂಶವಾದ ಪೆಕ್ಟಿನ್‌ನಿಂದ. ಬಾರ್ಲಿಯಲ್ಲಿ ಪೆಕ್ಟಿನ್ ತೀರಾ ಕಡಿಮೆ. ಕಣ್ಣು ಹೋದ ಸುದ್ದಿಗಳ ಹಿಂದೆ ಸಾಮಾನ್ಯವಾಗಿ ಇರುವುದು ಕೈಗಾರಿಕೆಯ ಮೆಥನಾಲ್ ಬೆರೆಸಿದ ಕಳ್ಳ ಸಾರಾಯಿ.

ನಿಜವಾಗಿ ಹುಷಾರಾಗಿರಬೇಕಾದ್ದು ಬಾಟಲಿ ವಿಷಯದಲ್ಲಿ. ಹುದುಗುವುದು ಮುಗಿಯುವ ಮೊದಲೇ ತುಂಬಿ ಮುಚ್ಚಿದರೆ ಗ್ಯಾಸ್ ಜಾಸ್ತಿಯಾಗಿ ಗಾಜು ಸಿಡಿಯಬಹುದು. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಎರಡು-ಮೂರು ದಿನ ಒಂದೇ ಅಂಕಿ ತೋರಿಸಲಿ, ಆಮೇಲೆ ತುಂಬಿ.