ಧ್ಯಾನವನ್ನು ಮತದ ಹೊರಗಿಟ್ಟು ಕಲಿಸಿದ ಮಹರ್ಷಿ ಮಹೇಶ ಯೋಗಿ: ಆ ದಾರಿ ಸರಿಯೇ?

ಪರ

ಅಲಹಾಬಾದಿನಲ್ಲಿ ಭೌತಶಾಸ್ತ್ರ ಓದಿ, ಜ್ಯೋತಿರ್ಮಠದ ಶಂಕರಾಚಾರ್ಯರಾಗಿದ್ದ ಬ್ರಹ್ಮಾನಂದ ಸರಸ್ವತಿಯವರನ್ನು 1953ರಲ್ಲಿ ಅವರು ಬ್ರಹ್ಮೀಭೂತರಾಗುವವರೆಗೂ ಸೇವಿಸಿದ ಮಹೇಶ ಯೋಗಿಯವರು ಹುಟ್ಟಿನಿಂದ ಬ್ರಾಹ್ಮಣರಲ್ಲ; ಹಾಗಾಗಿ ಆ ಪೀಠ ಅವರಿಗೆ ದಕ್ಕುವಂತಿರಲಿಲ್ಲ. ಯಾರಿಗೆ ಬಾಗಿಲು ಮುಚ್ಚಿತ್ತೋ ಆ ಶಿಷ್ಯನೇ ಎಲ್ಲರಿಗೂ ಬಾಗಿಲು ತೆರೆದದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. 1959ರಲ್ಲಿ ಅಮೆರಿಕ ತಲುಪಿದಾಗ ಅವರು ಕೊಟ್ಟದ್ದು, ಭಾವಾತೀತ ಧ್ಯಾನ (ಟ್ರಾನ್ಸೆಂಡೆಂಟಲ್ ಮೆಡಿಟೇಶನ್) ಎಂದು ಹೆಸರಾದದ್ದು, ಇಷ್ಟೇ: ಬೆಳಿಗ್ಗೆ, ಸಂಜೆ ಇಪ್ಪತ್ತಿಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು, ಉಪದೇಶವಾದ ಮಂತ್ರವನ್ನು ಪ್ರಯಾಸವಿಲ್ಲದೆ ಮನಸ್ಸಿನಲ್ಲೇ ನೆನೆಯುವುದು. ಸಂಸಾರ ತೊರೆಯಬೇಕಿಲ್ಲ, ಮತ ಬದಲಿಸಬೇಕಿಲ್ಲ. 1968ರಲ್ಲಿ ಬೀಟಲ್ಸ್ ಸಂಗೀತ ತಂಡದ ಕಲಾವಿದರು ಅವರಲ್ಲಿ ಧ್ಯಾನ ಕಲಿಯಲು ಋಷಿಕೇಶಕ್ಕೆ ಬಂದದ್ದು ಸುದ್ದಿಯಾಯಿತು, ನಿಜ. ಆದರೆ 1970ರಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಕೀತ್ ವ್ಯಾಲೇಸ್ ಅವರು ಧ್ಯಾನಿಗಳ ಆಮ್ಲಜನಕ ಬಳಕೆ ಇಳಿಯುವುದನ್ನು ಅಳೆದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಅದಕ್ಕಿಂತ ಮುಖ್ಯ. ಎಲ್ಲರೂ ಒಂದೇ ಕ್ರಮದಲ್ಲಿ ಮಾಡುವಷ್ಟು ಸರಳಗೊಳಿಸಿದ್ದರಿಂದಲೇ ಧ್ಯಾನವು ಪ್ರಯೋಗಾಲಯದ ಪರೀಕ್ಷೆಗೆ ಒಡ್ಡಿಕೊಳ್ಳಲು ಸಾಧ್ಯವಾಯಿತು.

ವಿರೋಧ

ದೀಕ್ಷೆಯ ದಿನ ನಡೆಯುವುದನ್ನು ನೋಡಿದರೆ ‘ಮತದ ಹೊರಗೆ’ ಎಂಬ ಮಾತು ನಿಲ್ಲುವುದಿಲ್ಲ. ಕಲಿಯಲು ಬಂದವರು ಹಣ್ಣು, ಹೂವು ಮತ್ತು ಒಂದು ಬಿಳಿ ಕರವಸ್ತ್ರ ತರಬೇಕು. ಬ್ರಹ್ಮಾನಂದ ಸರಸ್ವತಿಯವರ ಪಟದ ಮುಂದೆ ಧೂಪ, ಕರ್ಪೂರ ಬೆಳಗಿ, ನಾರಾಯಣನಿಂದ ಮೊದಲಾಗುವ ಗುರುಪರಂಪರೆಯನ್ನು ಶಿಕ್ಷಕರು ಸಂಸ್ಕೃತದಲ್ಲಿ ಸ್ತುತಿಸಿದ ಮೇಲಷ್ಟೇ ಮಂತ್ರೋಪದೇಶ. ನಮ್ಮಲ್ಲಿ ಯಾರೇ ಕಂಡರೂ ಇದನ್ನು ಪೂಜೆಯೆಂದೇ ಗುರುತಿಸುತ್ತಾರೆ. ನ್ಯೂಜೆರ್ಸಿಯ ಸರ್ಕಾರಿ ಶಾಲೆಗಳಲ್ಲಿ ಇದನ್ನು ಕಲಿಸಲು ಹೊರಟಾಗ, ಇದು ಗುರುವಿಗೆ ಕೃತಜ್ಞತೆ ಸಲ್ಲಿಸುವ ಲೌಕಿಕ ಕ್ರಮವೆಂಬ ವಾದವನ್ನು ಫೆಡರಲ್ ನ್ಯಾಯಾಲಯ 1977ರಲ್ಲಿ ಒಪ್ಪಲಿಲ್ಲ. 1979ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನೇ ಎತ್ತಿಹಿಡಿಯಿತು.

ಪೂಜೆ ಮಾಡಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಅದು ಪೂಜೆಯೇ ಅಲ್ಲವೆಂದು ಕಲಿಯುವವರಿಗೆ ಹೇಳಿದ್ದು ತಪ್ಪು, ಏಕೆಂದರೆ ಗುರು-ಶಿಷ್ಯರ ಸಂಬಂಧ ಮೊದಲ ದಿನವೇ ಅರೆಸತ್ಯದ ಮೇಲೆ ನಿಂತಂತಾಯಿತು. ಯೋಗಸೂತ್ರದಲ್ಲಿ ಪತಂಜಲಿ ಹೇಳುವ ಯೋಗದ ಎಂಟು ಅಂಗಗಳಲ್ಲಿ ಧ್ಯಾನ ಏಳನೆಯದು. ಅದಕ್ಕೆ ಮುನ್ನ ಬರುವ ಯಮ-ನಿಯಮಗಳು, ಅಂದರೆ ನಡತೆಯ ಶಿಸ್ತುಗಳು, ಈ ಕಲಿಕೆಗೆ ಪೂರ್ವಾರ್ಹತೆಯಾಗಲಿಲ್ಲ, ಶುಲ್ಕ ಮಾತ್ರ ಆಯಿತು. 1976ರ ಸುಮಾರಿಗೆ ಯೋಗಸೂತ್ರದಲ್ಲಿ ಸಿದ್ಧಿಗಳನ್ನು ಹೇಳುವ ಅಧ್ಯಾಯವಾದ ವಿಭೂತಿಪಾದವನ್ನೇ ಹಿಡಿದು ಗಾಳಿಯಲ್ಲಿ ತೇಲುವ ಸಿದ್ಧಿಯನ್ನೂ ಕಲಿಸಲಾರಂಭಿಸಿದರು. ಹೊರಗಿನವರಿಗೆ ಕಂಡದ್ದು ಪದ್ಮಾಸನ ಹಾಕಿ ಮೆತ್ತೆಯ ಮೇಲೆ ಕುಪ್ಪಳಿಸುವುದಷ್ಟೇ. ಸಿದ್ಧಿಗಳು ಸಮಾಧಿಗೆ ಅಡ್ಡಿ ಎಂದು ಅದೇ ಪಾದದಲ್ಲಿ ಪತಂಜಲಿ ಹೇಳಿರುವುದನ್ನು, ಹಣ ಕೊಟ್ಟು ಬಂದವರಿಗೆ ಮೊದಲು ಹೇಳಬೇಕಿತ್ತು.